ಮಧುಗಿರಿ ಕೋಟೆಯ ಸೆರೆಯಾಳು ರಾಣಿ ಮತ್ತು ಮಾಸ್ತಿ: ಒಂದು ಕಾದಂಬರಿ ಎಬ್ಬಿಸಿದ ತಕರಾರಿನ ಕಥೆ

ಮಧುಗಿರಿ: ಭಾನುವಾರ ಬಂತು ಅಂದ್ರೆ ಏಕಶಿಲಾ ಬೆಟ್ಟ ಹತ್ತೋಕೆ ಬೆಂಗಳೂರು ಕಡೆಯಿಂದ ಜನ ಬರ್ತಾರೆ. ಬೆಟ್ಟದ ಬುಡದಲ್ಲಿ ನೀರಿನ ಬಾಟಲಿ, ಸೌತೆಕಾಯಿ ತಗೊಂಡು ಮೇಲೆ ಹೋಗಿ ಫೋಟೋ ತೆಗೆಸಿಕೊಂಡು ಇಳೀತಾರೆ. ಕೋಟೆ ಕಟ್ಟಿದ್ದು ಹಿರೇಗೌಡ, ಆಮೇಲೆ ಹೈದರಾಲಿ ಭದ್ರ ಮಾಡಿಸಿದ ಅನ್ನೋದು ಊರಿನಲ್ಲಿ ಬಹಳ ಜನಕ್ಕೆ ಗೊತ್ತು. ಆದ್ರೆ ಇದೇ ಕೋಟೆಯಲ್ಲಿ ಮಲೆನಾಡಿನ ಒಬ್ಬ ರಾಣಿ ನಾಲ್ಕು ವರ್ಷ ಸೆರೆಯಲ್ಲಿದ್ದಳು, ಆಕೆಯ ಕಥೆಯನ್ನ ಕನ್ನಡದ ದೊಡ್ಡ ಲೇಖಕರೊಬ್ಬರು ಕಾದಂಬರಿ ಮಾಡಿದ್ರು, ಆ ಕಾದಂಬರಿ ಬಂದಾಗ ದೊಡ್ಡ ತಕರಾರೇ ಎದ್ದಿತು ಅನ್ನೋದು ಗೊತ್ತಿರೋರು ಕಡಿಮೆ.

ಆ ಲೇಖಕರು ಮಾಸ್ತಿ ವೆಂಕಟೇಶ ಅಯ್ಯಂಗಾರ್. ಕಾದಂಬರಿಯ ಹೆಸರು ಚೆನ್ನಬಸವನಾಯಕ. ರಾಣಿಯ ಹೆಸರು ವೀರಮ್ಮಾಜಿ.

ಮಾಲೂರು ಸೀಮೆಯ ಹುಡುಗ

ಮಾಸ್ತಿ ಹುಟ್ಟಿದ್ದು 1891ರ ಜೂನ್ 6ರಂದು, ಕೋಲಾರ ಜಿಲ್ಲೆ ಮಾಲೂರು ತಾಲೂಕಿನ ಹೊಸಹಳ್ಳಿಯಲ್ಲಿ. ಮಾಸ್ತಿ ಅನ್ನೋದು ಮನೆತನದ ಊರು. ಮನೆಯಲ್ಲಿ ಆಡುತ್ತಿದ್ದ ಮಾತು ತಮಿಳು, ಜೀವನಪೂರ್ತಿ ಬರೆದದ್ದು ಕನ್ನಡ. ನಮ್ಮ ಗಡಿ ತಾಲೂಕುಗಳ ಜನಕ್ಕೆ ಇದೇನೂ ಆಶ್ಚರ್ಯ ಅನ್ನಿಸೋ ವಿಷಯ ಅಲ್ಲ. ಪಾವಗಡದಲ್ಲಿ ಮನೆಯೊಳಗೆ ತೆಲುಗು, ಅಂಗಡಿ ಕಟ್ಟೆ ಮೇಲೆ ಕನ್ನಡ ಅನ್ನೋ ಹಾಗೆ ಬದುಕೋ ಸಂಸಾರಗಳು ಈಗಲೂ ಎಷ್ಟೋ ಇವೆ.

ಚಿಕ್ಕಂದಿನಲ್ಲೇ ತಂದೆ ತೀರಿಕೊಂಡರು. ಬಡತನ. ನೆಂಟರ ಮನೆಗಳ ಆಸರೆಯಲ್ಲಿ ಊರೂರು ತಿರುಗಿ ಓದಬೇಕಾಯಿತು. ಆದರೂ ಓದಿನಲ್ಲಿ ಯಾವಾಗಲೂ ಮುಂದೆ. ಬೆಂಗಳೂರಿನಲ್ಲಿ ಬಿ.ಎ. ಮುಗಿಸಿ, ಮದರಾಸಿಗೆ ಹೋಗಿ 1914ರಲ್ಲಿ ಇಂಗ್ಲಿಷ್ ಸಾಹಿತ್ಯದಲ್ಲಿ ಎಂ.ಎ. ಮಾಡಿದರು, ಚಿನ್ನದ ಪದಕವನ್ನೂ ತಂದರು. ಮೈಸೂರು ಸಿವಿಲ್ ಸರ್ವೀಸ್ ಪರೀಕ್ಷೆಯಲ್ಲಿ ಗೆದ್ದು ಸರ್ಕಾರಿ ಕೆಲಸಕ್ಕೆ ಸೇರಿದರು.

ಅಸಿಸ್ಟೆಂಟ್ ಕಮಿಷನರ್, ಆಮೇಲೆ ಡೆಪ್ಯೂಟಿ ಕಮಿಷನರ್, ಎಕ್ಸೈಸ್ ಕಮಿಷನರ್ ಹೀಗೆ ಮೇಲಕ್ಕೆ ಹೋದರು. ಆ ಕಾಲದ ಕಂದಾಯ ಅಧಿಕಾರಿ ಅಂದ್ರೆ ಕಚೇರಿಯಲ್ಲಿ ಕೂರೋ ಕೆಲಸ ಅಲ್ಲ. ಹಳ್ಳಿ ಹಳ್ಳಿ ತಿರುಗಬೇಕು, ಜಮಾಬಂದಿ ಮಾಡಬೇಕು, ಶಾನುಭೋಗರ ಲೆಕ್ಕ ನೋಡಬೇಕು, ಜಗಳ ಬಂದಾಗ ಎರಡೂ ಕಡೆಯ ಮಾತು ಕೇಳಬೇಕು. ಮಾಸ್ತಿ ಕಥೆಗಳಲ್ಲಿ ಒಬ್ಬರು ಇನ್ನೊಬ್ಬರಿಗೆ ಕೂತು ಹೇಳೋ ಥರದ ಧಾಟಿ ಇರುತ್ತೆ. ಯಾರನ್ನೂ ಅವಸರದಲ್ಲಿ ಕೆಟ್ಟವರು ಅಂತ ಪಕ್ಕಕ್ಕೆ ತಳ್ಳೋದಿಲ್ಲ. ಎರಡೂ ಕಡೆ ಕೇಳಿ ಅಭ್ಯಾಸ ಇದ್ದ ಮನುಷ್ಯನ ಬರವಣಿಗೆ ಅದು.

ಕೆಲಸ ಸರ್ಕಾರದ್ದು, ಮನಸ್ಸು ಕನ್ನಡದ್ದು

ಅವರ ಮೊದಲ ಸಣ್ಣಕಥೆ ರಂಗನ ಮದುವೆ ಬಂದಾಗ ಅವರಿಗೆ ಇನ್ನೂ ಇಪ್ಪತ್ತರ ಆಸುಪಾಸು. 1920ರಲ್ಲಿ ಕೆಲವು ಸಣ್ಣ ಕಥೆಗಳು ಅನ್ನೋ ಪುಸ್ತಕ ಬಂತು. ಕನ್ನಡದಲ್ಲಿ ಸಣ್ಣಕಥೆ ಅನ್ನೋ ಪ್ರಕಾರ ಗಟ್ಟಿಯಾಗಿ ಕಾಲೂರಿದ್ದು ಈ ಪುಸ್ತಕದಿಂದ ಅಂತ ವಿಮರ್ಶಕರು ಒಪ್ಪುತ್ತಾರೆ. ಶ್ರೀನಿವಾಸ ಅನ್ನೋ ಕಾವ್ಯನಾಮದಲ್ಲಿ ಬರೆಯುತ್ತಿದ್ದರು. 1928ರಲ್ಲಿ ಸುಬ್ಬಣ್ಣ ಅನ್ನೋ ನೀಳ್ಗತೆ ಬಂತು. 1929ರಲ್ಲಿ ಬೆಳಗಾವಿಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಆಗ ಬೆಳಗಾವಿ ಮುಂಬೈ ಪ್ರಾಂತ್ಯದಲ್ಲಿತ್ತು. ಮೈಸೂರು ಸಂಸ್ಥಾನದ ಒಬ್ಬ ಅಧಿಕಾರಿ ಅಲ್ಲಿಗೆ ಹೋಗಿ ಕನ್ನಡದವರೆಲ್ಲರ ಸಭೆಗೆ ಅಧ್ಯಕ್ಷತೆ ವಹಿಸಿದ್ದು ಆ ಕಾಲಕ್ಕೆ ಸಣ್ಣ ಮಾತಲ್ಲ.

ಮಹಾರಾಜರು ರಾಜಸೇವಾಸಕ್ತ ಅನ್ನೋ ಬಿರುದನ್ನೂ ಕೊಟ್ಟರು. ಆದರೆ 1943ರಲ್ಲಿ ತಮಗಿಂತ ಕಿರಿಯರೊಬ್ಬರನ್ನ ಮೇಲಿನ ಮಂತ್ರಿ ಸ್ಥಾನಕ್ಕೆ ಏರಿಸಿದಾಗ ಮಾಸ್ತಿ ರಾಜೀನಾಮೆ ಕೊಟ್ಟು ಹೊರಬಂದರು. ಆಗ ಅವರಿಗೆ 52 ವರ್ಷ, ಮೇಲೆ ದೊಡ್ಡ ಸಂಸಾರ. ಬೇರೆಯವರಾಗಿದ್ದರೆ ಕೂತು ಕೊರಗುತ್ತಿದ್ದರೇನೋ. ಇವರು ಮರುವರ್ಷ, 1944ರಲ್ಲಿ, ಜೀವನ ಅನ್ನೋ ಮಾಸಪತ್ರಿಕೆಯ ಹೊಣೆ ಹೊತ್ತುಕೊಂಡರು. 1965ರ ತನಕ ನಡೆಸಿದರು.

ಅಂಗಡಿ ನಡೆಸೋರಿಗೆ ಇದರ ಕಷ್ಟ ಬೇಗ ಅರ್ಥ ಆಗುತ್ತೆ. ಕಾಗದ ತರಬೇಕು, ಅಚ್ಚಿನ ಮನೆಗೆ ಹಣ ಕಟ್ಟಬೇಕು, ಚಂದಾದಾರರಿಗೆ ಅಂಚೆಯಲ್ಲಿ ಕಳಿಸಬೇಕು, ಚಂದಾ ಬಾಕಿ ಇಟ್ಟವರಿಗೆ ಮತ್ತೆ ಕಾಗದ ಬರೆಯಬೇಕು. ಸಾಹಿತ್ಯ ಪತ್ರಿಕೆ ಅಂದ್ರೆ ಅಂದಿಗೂ ಇಂದಿಗೂ ಲಾಭದ ಬಾಬ್ತಲ್ಲ. ಅದರ ಜೊತೆಗೆ ತಮ್ಮ ಪುಸ್ತಕಗಳನ್ನ ಬೆಂಗಳೂರಿನ ಗವಿಪುರದ ಜೀವನ ಕಾರ್ಯಾಲಯದಿಂದ ತಾವೇ ಪ್ರಕಟಿಸುತ್ತಿದ್ದರು. ಬರೆಯೋದೂ ಅವರೇ, ಅಚ್ಚು ಹಾಕಿಸೋದೂ ಅವರೇ, ದಾಸ್ತಾನು ಇಟ್ಟು ಮಾರೋ ಜವಾಬ್ದಾರಿಯೂ ಅವರದೇ.

ಇಂಥಾ ಸ್ಥಿತಿಯಲ್ಲಿದ್ದ ಲೇಖಕ ಓದುಗರನ್ನ ಎದುರು ಹಾಕಿಕೊಳ್ಳೋದಕ್ಕೆ ಹಿಂದೆ ಮುಂದೆ ನೋಡಬೇಕು. ಆದರೆ 1950ರ ಹೊತ್ತಿಗೆ ಬಂದ ಚೆನ್ನಬಸವನಾಯಕ ಅಂಥದೊಂದು ಪರಿಸ್ಥಿತಿಯನ್ನೇ ತಂದಿಟ್ಟಿತು.

ಬಿದನೂರಿನಿಂದ ಮಧುಗಿರಿಗೆ

ತಕರಾರು ಏನು ಅಂತ ತಿಳೀಬೇಕಾದ್ರೆ ಮೊದಲು ಇತಿಹಾಸ ಸ್ವಲ್ಪ ಗೊತ್ತಿರಬೇಕು.

ಈಗಿನ ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲೂಕಿನಲ್ಲಿ ನಗರ ಅನ್ನೋ ಊರಿದೆ. ಹಳೆಯ ಹೆಸರು ಬಿದನೂರು. ಕೆಳದಿ ನಾಯಕರ ಕೊನೆಯ ರಾಜಧಾನಿ. ಶಿವಾಜಿಯ ಮಗ ರಾಜಾರಾಮನಿಗೆ ಆಸರೆ ಕೊಟ್ಟು ಔರಂಗಜೇಬನ ಸೈನ್ಯವನ್ನ ಎದುರಿಸಿದ ಕೆಳದಿ ಚೆನ್ನಮ್ಮ ಇದೇ ಮನೆತನದವಳು. ಮೆಣಸು, ಅಡಿಕೆ, ಅಕ್ಕಿ ವ್ಯಾಪಾರದಿಂದ ಬಿದನೂರು ಶ್ರೀಮಂತವಾಗಿತ್ತು. ಕರಾವಳಿಯ ಬಂದರುಗಳೂ ಅವರ ಕೈಯಲ್ಲಿದ್ದವು.

1755ರಲ್ಲಿ ರಾಜ ಬಸವಪ್ಪನಾಯಕ ತೀರಿಕೊಂಡ. ದತ್ತುಮಗ ಚೆನ್ನಬಸವನಾಯಕ ಇನ್ನೂ ಹುಡುಗ. ರಾಣಿ ವೀರಮ್ಮಾಜಿ ಅವನ ಹೆಸರಿನಲ್ಲಿ ರಾಜ್ಯ ನೋಡಿಕೊಳ್ಳತೊಡಗಿದಳು. ಎರಡು ವರ್ಷದೊಳಗೆ ಹುಡುಗ ಸತ್ತ. ರಾಣಿ ಇನ್ನೊಬ್ಬ ಹುಡುಗ ಸೋಮಶೇಖರನನ್ನ ದತ್ತು ತಗೊಂಡು ಆಳ್ವಿಕೆ ಮುಂದುವರಿಸಿದಳು. ಚೆನ್ನಬಸವ ಹೇಗೆ ಸತ್ತ ಅನ್ನೋದರ ಬಗ್ಗೆ ಗುಸುಗುಸು ಶುರುವಾಯಿತು. ರಾಣಿಗೆ ನಂಬಯ್ಯ ಅನ್ನೋನ ಜೊತೆ ಸಂಬಂಧ ಇತ್ತು, ಅದನ್ನ ಮಗ ಆಕ್ಷೇಪಿಸಿದ, ಅದಕ್ಕೆ ಅವನನ್ನ ಮುಗಿಸಿದರು ಅನ್ನೋದು ಆ ಮಾತಿನ ಸಾರ.

ಇತ್ತ ನಮ್ಮ ಸೀಮೆಯಲ್ಲಿ 1761ರಲ್ಲಿ ಹೈದರಾಲಿ ಶಿರಾ ಹಿಡಿದಿದ್ದ. ಶಿರಾ ಆಗ ಬರೀ ಒಂದು ಊರಲ್ಲ, ಮೊಗಲರ ಕಾಲದಿಂದ ಬಂದ ಸುಬಾದ ಕೇಂದ್ರ. ಶಿರಾ ಕೈಗೆ ಬಂದಮೇಲೆ ಹೈದರನ ಕಣ್ಣು ಚಿತ್ರದುರ್ಗದ ಕಡೆ, ಅಲ್ಲಿಂದಾಚೆ ಬಿದನೂರಿನ ಕಡೆ ಹೋಯಿತು. ಆ ಹೊತ್ತಿಗೆ ಸರಿಯಾಗಿ ಒಬ್ಬ ಯುವಕ ಕಾಣಿಸಿಕೊಂಡ. ತಾನೇ ಚೆನ್ನಬಸವನಾಯಕ, ಸತ್ತಿಲ್ಲ, ತಪ್ಪಿಸಿಕೊಂಡು ಬಂದೆ ಅನ್ನೋದು ಅವನ ವಾದ. ಚಿತ್ರದುರ್ಗದ ಪಾಳೆಯಗಾರನ ಮೂಲಕ ಅವನು ಹೈದರನ ಹತ್ತಿರ ಬಂದ. ಹೈದರನಿಗೆ ಬೇಕಾಗಿದ್ದೂ ಒಂದು ನೆಪ.

1763ರಲ್ಲಿ ಬಿದನೂರು ಬಿತ್ತು. ಗುಪ್ತದಾರಿ ತೋರಿಸಿಕೊಟ್ಟದ್ದು ಆ ಸಂಸ್ಥಾನದಲ್ಲೇ ಹಿಂದೆ ಮಂತ್ರಿಯಾಗಿದ್ದವನು. ಹೈದರ್ ಊರಿಗೆ ತನ್ನ ಹೆಸರು ಇಟ್ಟು ಹೈದರನಗರ ಅಂದ. ನಗರ ಅನ್ನೋ ಈಗಿನ ಹೆಸರು ಉಳಿದದ್ದು ಅದರಿಂದಲೇ. ಅಲ್ಲಿ ಸಿಕ್ಕ ಸಂಪತ್ತಿನಿಂದಲೇ ಹೈದರ್ ದೊಡ್ಡವನಾದ ಅಂತ ಇತಿಹಾಸಕಾರರು ಬರೀತಾರೆ.

ತಪ್ಪಿಸಿಕೊಂಡು ಹೋದ ರಾಣಿ ಕಡೆಗೆ ಸಿಕ್ಕಿಬಿದ್ದಳು. ಆಕೆಯನ್ನೂ ದತ್ತುಮಗನನ್ನೂ ಮಧುಗಿರಿ ಕೋಟೆಗೆ ಕಳಿಸಿದರು. ಮೈಸೂರು ಇತಿಹಾಸ ಬರೆದ ಬ್ರಿಟಿಷ್ ಅಧಿಕಾರಿ ಮಾರ್ಕ್ ವಿಲ್ಕ್ಸ್ ಹೇಳೋ ಪ್ರಕಾರ, ತಾನೇ ಚೆನ್ನಬಸವ ಅಂತ ಬಂದಿದ್ದ ಯುವಕನನ್ನೂ ಹೈದರ್ ಅದೇ ಸೆರೆಗೆ ತಳ್ಳಿದ. ಕೆಲಸ ಮುಗಿದಮೇಲೆ ನೆಪದ ಅಗತ್ಯ ಅವನಿಗೆ ಇರಲಿಲ್ಲ. ಮಗನನ್ನ ಕೊಲ್ಲಿಸಿದಳು ಅನ್ನೋ ಆರೋಪ ಹೊತ್ತ ರಾಣಿ, ನಾನೇ ಆ ಮಗ ಅಂದವನು, ಇಬ್ಬರೂ ನಮ್ಮ ಬೆಟ್ಟದ ಮೇಲೆ ಒಂದೇ ಕೋಟೆಯೊಳಗೆ ಬಂದಿಗಳು.

1767ರಲ್ಲಿ ಪೇಶ್ವೆ ಮಾಧವರಾವ್ ದಂಡೆತ್ತಿ ಬಂದ. ಶಿರಾದಲ್ಲಿದ್ದ ಹೈದರನ ಭಾವಮೈದುನ ಮೀರ್ ಸಾಹೇಬ್ ಕೋಟೆ ಬಿಟ್ಟುಕೊಟ್ಟ. ಮಧುಗಿರಿಯೂ ಮರಾಠರ ಕೈಗೆ ಹೋಯಿತು. ರಾಣಿಗೆ ಬಿಡುಗಡೆ ಸಿಕ್ಕಿತು. ಆದರೆ ಪುಣೆಗೆ ಕರೆದುಕೊಂಡು ಹೋಗೋ ದಾರಿಯಲ್ಲೇ ಆಕೆ ತೀರಿಕೊಂಡಳು. ಬಿದನೂರಿಗೆ ಮರಳೋ ಭಾಗ್ಯ ಬರಲಿಲ್ಲ.

ಕಾದಂಬರಿ ಬಂದಾಗ

ಸುಮಾರು 190 ವರ್ಷದ ನಂತರ ಮಾಸ್ತಿ ಈ ವಸ್ತುವನ್ನ ಕೈಗೆತ್ತಿಕೊಂಡರು. ಅಲ್ಲಿಯವರೆಗೆ ಕನ್ನಡದ ಐತಿಹಾಸಿಕ ಕಾದಂಬರಿ ಅಂದ್ರೆ ಹೆಚ್ಚಾಗಿ ಶೌರ್ಯದ ಕಥೆ. ಗಳಗನಾಥರು ಆ ದಾರಿ ಹಾಕಿಕೊಟ್ಟಿದ್ದರು. ನಮ್ಮ ಪಕ್ಕದ ಚಳ್ಳಕೆರೆ ತಾಲೂಕಿನ ತಳುಕಿನವರಾದ ತ.ರಾ.ಸು. ಮುಂದೆ ಚಿತ್ರದುರ್ಗದ ಪಾಳೆಯಗಾರರ ಮೇಲೆ ಸಾಲು ಸಾಲು ಕಾದಂಬರಿ ಬರೆದು ಮನೆಮಾತಾದರು. ಓದಿದ ಮೇಲೆ ಎದೆ ಉಬ್ಬಬೇಕು ಅನ್ನೋದು ಓದುಗರ ನಿರೀಕ್ಷೆ.

ಮಾಸ್ತಿ ಕೇಳಿದ ಪ್ರಶ್ನೆಯೇ ಬೇರೆ. ಇಷ್ಟು ಶ್ರೀಮಂತವಾಗಿದ್ದ, ಇಷ್ಟು ಗಟ್ಟಿಯಾಗಿದ್ದ ರಾಜ್ಯ ಬಿದ್ದದ್ದು ಹೇಗೆ? ಹೊರಗಿನಿಂದ ಬಂದ ಶತ್ರು ಒಬ್ಬನೇ ಕಾರಣವೋ, ಮನೆಯೊಳಗಿನ ಬಿರುಕು ಕಾರಣವೋ? ಅವರ ಕಾದಂಬರಿಯಲ್ಲಿ ಯುದ್ಧಕ್ಕಿಂತ ಅರಮನೆಯ ಒಳಗಿನ ಮಾತುಕತೆಗೆ ಜಾಗ ಹೆಚ್ಚು. ಎಳೆ ವಯಸ್ಸಿನ ನಾಯಕ, ಅಧಿಕಾರ ಹಿಡಿದ ರಾಣಿ, ಆಕೆಯ ಸುತ್ತ ಇರೋರು, ನಡುವೆ ಬೆಳೆಯೋ ಅಪನಂಬಿಕೆ, ದೂರದಲ್ಲಿ ಕಾಯುತ್ತಾ ಕೂತ ಹೈದರ್. ಒಂದು ಸಂಸಾರದ ಜಗಳ ನಿಧಾನವಾಗಿ ರಾಜ್ಯದ ಸೋಲಾಗೋದನ್ನ ಅವರು ಏರುದನಿಯಿಲ್ಲದೆ ಹೇಳಿದರು. ರಾಣಿ ಮತ್ತು ನಂಬಯ್ಯನ ಸಂಬಂಧದ ಮಾತನ್ನೂ ಕಥೆಯೊಳಗೆ ತಂದರು.

ತಕರಾರು ಎದ್ದದ್ದು ಅಲ್ಲಿಂದಲೇ.

ಎರಡು ಕಡೆಯ ಮಾತು

ಕೆಳದಿ ನಾಯಕರು ವೀರಶೈವರು. ಮಠಮಾನ್ಯಗಳಿಗೆ ದಾನದತ್ತಿ ಕೊಟ್ಟ ಮನೆತನ. ನಾಡಿನ ವೀರಶೈವರಿಗೆ ಅದು ತಮ್ಮವರದೇ ರಾಜ್ಯ ಅನ್ನೋ ಅಭಿಮಾನ. ಆ ಮನೆಯ ರಾಣಿಯೊಬ್ಬಳನ್ನ ಹೀಗೆ ಚಿತ್ರಿಸಿದ್ದು ಸಮುದಾಯದಲ್ಲಿ ಬಹಳ ಜನಕ್ಕೆ ನೋವು ತಂದಿತು. ರಾಣಿಯ ಚಾರಿತ್ರ್ಯಕ್ಕೆ ಮಸಿ ಬಳಿದರು ಅನ್ನೋ ಆಕ್ಷೇಪ ಬಂತು.

ಆಕ್ಷೇಪ ಮಾಡಿದವರ ಮಾತಿನಲ್ಲಿ ತೂಕ ಇರಲಿಲ್ಲ ಅನ್ನೋ ಹಾಗಿಲ್ಲ. ರಾಣಿಯ ಮೇಲಿನ ಈ ಆರೋಪ ದೊಡ್ಡದಾಗಿ ಹರಡಿದ್ದು ಗೆದ್ದವರ ಕಡೆಯಿಂದ. ರಾಜ್ಯ ಕಿತ್ತುಕೊಂಡವನಿಗೆ ಆ ರಾಜ್ಯದ ರಾಣಿ ಕೆಟ್ಟವಳು ಅನ್ನೋ ಮಾತು ಅನುಕೂಲ. ವಿಲ್ಕ್ಸ್ ತನ್ನ ಇತಿಹಾಸ ಬರೆದದ್ದು 19ನೇ ಶತಮಾನದ ಆರಂಭದಲ್ಲಿ, ಘಟನೆ ನಡೆದು ಅರ್ಧ ಶತಮಾನ ಕಳೆದಮೇಲೆ. ಸ್ನಾನದ ಹೊತ್ತಿನಲ್ಲಿ ಜಟ್ಟಿಯೊಬ್ಬ ಹುಡುಗನ ಕುತ್ತಿಗೆ ಮುರಿದ ಅನ್ನೋ ವಿವರವೂ ಅವನ ಪುಸ್ತಕದಲ್ಲಿದೆ. ಅರಮನೆಯ ಒಳಗೆ ಮುಚ್ಚಿದ ಬಾಗಿಲ ಹಿಂದೆ ನಡೆದದ್ದು ಅಂತ ಹೇಳೋ ಮಾತನ್ನ ಎಷ್ಟು ನಂಬಬೇಕು ಅನ್ನೋ ಪ್ರಶ್ನೆ ನ್ಯಾಯವಾದದ್ದೇ.

ಇನ್ನೊಂದು ವಿಷಯವೂ ಇದೆ. ಗಂಡ ಸತ್ತ ಹೆಂಗಸು ಅಧಿಕಾರ ಹಿಡಿದರೆ ಅವಳ ಮೇಲೆ ಮೊದಲು ಬರೋ ಆರೋಪ ಚಾರಿತ್ರ್ಯದ್ದೇ. ಯಾವ ಹಳ್ಳಿಯಲ್ಲಿ ನೋಡಿದರೂ ಇದು ಗೊತ್ತಾಗುತ್ತೆ. ಒಂಟಿ ಹೆಂಗಸು ಅಂಗಡಿ ಇಟ್ಟು ನಾಲ್ಕು ಕಾಸು ಮಾಡಿದ್ರೆ ಲೆಕ್ಕಪತ್ರದ ಬಗ್ಗೆ ಯಾರೂ ಮಾತಾಡಲ್ಲ, ಬೇರೆ ಮಾತು ಆಡ್ತಾರೆ. ವೀರಮ್ಮಾಜಿ ಎಂಟು ವರ್ಷ ರಾಜ್ಯ ನಡೆಸಿದಳು. ಆ ಎಂಟು ವರ್ಷದ ಆಡಳಿತಕ್ಕಿಂತ ಗುಸುಗುಸುವೇ ಜನರ ನೆನಪಿನಲ್ಲಿ ಹೆಚ್ಚು ಉಳಿಯಿತು.

ಮಾಸ್ತಿಯವರ ಕಡೆ ನಿಂತವರಿಗೂ ವಾದ ಇತ್ತು. ಕಾದಂಬರಿ ಇತಿಹಾಸದ ಗ್ರಂಥ ಅಲ್ಲ. ರಾಣಿಯ ಮೇಲಿನ ಮಾತನ್ನ ಮಾಸ್ತಿ ಹೊಸದಾಗಿ ಹುಟ್ಟಿಸಿದ್ದಲ್ಲ, ಅದು ನೂರಾರು ವರ್ಷದಿಂದ ಬರಹದಲ್ಲಿತ್ತು. ಬರೆದವರು ಯಾವ ಜಾತಿಯವರು, ಬರೆಸಿಕೊಂಡವರು ಯಾವ ಜಾತಿಯವರು ಅಂತ ನೋಡಿ ಪುಸ್ತಕ ತೂಗೋಕೆ ಹೊರಟರೆ ಹಳೆಯ ರಾಜರ ಬಗ್ಗೆ ಯಾರೂ ಏನೂ ಬರೆಯೋ ಹಾಗಿಲ್ಲ. ಅದಲ್ಲದೆ ಮಾಸ್ತಿ ಯಾರನ್ನೂ ಹೀನಾಯ ಮಾಡಿ ಖುಷಿ ಪಡೋ ಲೇಖಕರಲ್ಲ ಅನ್ನೋದು ಅವರ ಕಥೆ ಓದಿದವರಿಗೆ ಗೊತ್ತಿತ್ತು.

ವಿಮರ್ಶಕರ ಚರ್ಚೆ ಇನ್ನೊಂದು ದಾರಿಯಲ್ಲಿ ನಡೆಯಿತು. ಭಾಷೆ ಸರಳ, ಸಂಭಾಷಣೆ ಸಹಜ, ಎಲ್ಲೂ ಅಬ್ಬರ ಇಲ್ಲ ಅನ್ನೋದು ಮೆಚ್ಚಿದವರ ಮಾತು. ಆಳುವವರ ನಡತೆ ಕೆಟ್ಟರೆ ನಾಡು ಕೆಡುತ್ತೆ ಅನ್ನೋ ನಂಬಿಕೆಯ ಮೇಲೇ ಕಥೆ ನಿಂತಿದೆ, ಆರ್ಥಿಕ ಕಾರಣ, ಸೈನ್ಯದ ಬಲಾಬಲ, ಕಾಲದ ಬದಲಾವಣೆ ಇವಕ್ಕೆ ಅಷ್ಟು ಜಾಗ ಸಿಕ್ಕಿಲ್ಲ ಅನ್ನೋದು ಒಪ್ಪದವರ ಮಾತು. ಮುಂದೆ ನವ್ಯ ಸಾಹಿತ್ಯದ ತಲೆಮಾರು ಬಂದಾಗ ಮಾಸ್ತಿಯವರದ್ದು ಬಹಳ ಸಮಾಧಾನದ ಲೋಕ ಅನ್ನೋ ಟೀಕೆಯೂ ಬಂತು. ಅದೇ ತಲೆಮಾರಿನ ಎಷ್ಟೋ ಜನ ಆಮೇಲೆ ಮಾಸ್ತಿ ಕಥೆಗಳಿಗೆ ಮರಳಿ ಬಂದು, ಆ ಸಮಾಧಾನದ ಕೆಳಗೆ ಎಷ್ಟು ದುಃಖ ಇದೆ ಅಂತ ಗುರುತಿಸಿದರು.

ಹಿಂದೆ ಸರಿಯಲಿಲ್ಲ

ಇಷ್ಟೆಲ್ಲ ಆದಮೇಲೆ ಮಾಸ್ತಿ ರಾಜರ ಗೋಜಿಗೆ ಮತ್ತೆ ಹೋಗೋದಿಲ್ಲ ಅಂತ ಯಾರಾದರೂ ಅಂದುಕೊಂಡಿದ್ದರೆ ಅದು ಸುಳ್ಳಾಯಿತು. 1956ರಲ್ಲಿ ಚಿಕವೀರ ರಾಜೇಂದ್ರ ಬಂತು. 1834ರಲ್ಲಿ ಬ್ರಿಟಿಷರು ಪಟ್ಟದಿಂದ ಇಳಿಸಿದ ಕೊಡಗಿನ ಕೊನೆಯ ರಾಜನ ಕಥೆ. ಮತ್ತೆ ವೀರಶೈವ ಮನೆತನ, ಮತ್ತೆ ಒಳಗಿನಿಂದ ಕುಸಿಯೋ ರಾಜ್ಯ. ಬ್ರಿಟಿಷರು ಬರೆದಿಟ್ಟದ್ದನ್ನ ನಂಬಿ ರಾಜನನ್ನ ಅತಿಯಾಗಿ ಕ್ರೂರಿ ಮಾಡಿದರು ಅನ್ನೋ ಆಕ್ಷೇಪ ಇಲ್ಲೂ ಬಂತು.

ಆದರೆ ಎರಡನ್ನೂ ಜೊತೆಗಿಟ್ಟು ಓದಿದವರು ಒಂದು ಬೆಳವಣಿಗೆ ಗುರುತಿಸುತ್ತಾರೆ. ಚಿಕವೀರ ರಾಜೇಂದ್ರದ ಹಂದರ ದೊಡ್ಡದು. ರಾಜ, ರಾಣಿ, ಕುಂಟ ಬಸವ, ಮಂತ್ರಿಗಳು, ಇಂಗ್ಲಿಷರು ಎಲ್ಲರಿಗೂ ಅವರವರ ನ್ಯಾಯ ಇದೆ. ಅಲ್ಲಿಯ ರಾಣಿ ಗೌರಮ್ಮ ತಾಳ್ಮೆ, ಘನತೆಗೆ ಹೆಸರಾದ ಪಾತ್ರ. ಮೊದಲ ಕಾದಂಬರಿ ಎಬ್ಬಿಸಿದ ಮಾತು ಲೇಖಕರ ಮೇಲೆ ಎಷ್ಟು ಪರಿಣಾಮ ಮಾಡಿತೋ ಅವರಿಗೇ ಗೊತ್ತು. ಪುಸ್ತಕಗಳನ್ನ ಮುಂದೆ ಇಟ್ಟುಕೊಂಡು ನೋಡಿದ್ರೆ, ಎರಡನೆಯದರಲ್ಲಿ ನಿಧಾನ ಇನ್ನೂ ಹೆಚ್ಚಿದೆ. ಚೆನ್ನಬಸವನಾಯಕಕ್ಕಿಂತ ಚಿಕವೀರ ರಾಜೇಂದ್ರವೇ ಮೇಲು ಅನ್ನೋದು ವಿಮರ್ಶಕರ ಸಾಮಾನ್ಯ ಅಭಿಪ್ರಾಯ.

ಮೊದಲನೆಯದೂ ಮೂಲೆಗೆ ಬೀಳಲಿಲ್ಲ. ಮರುಮುದ್ರಣಗಳು ಬಂದವು, ಓದುಗರು ಸಿಕ್ಕರು. ತಕರಾರು ಎದ್ದ ಪುಸ್ತಕ ಅನ್ನೋ ಹೆಸರು ಅಂಟಿಕೊಂಡೇ ಇತ್ತು.

ಊರಿನ ಹಿರಿಯನಂತೆ

ಮಾಸ್ತಿ ಬರೀ ಬರೆದುಕೊಂಡು ಕೂತವರಲ್ಲ. ಬೇರೆಯವರನ್ನ ಬೆಳೆಸಿದರು. ಕೆಲಸ ಹುಡುಕಿಕೊಂಡು ಬಂದಿದ್ದ ಜಿ.ಪಿ. ರಾಜರತ್ನಂ ಅವರಿಗೆ ಕನ್ನಡದ ಕೆಲಸ ಮಾಡು ಅಂತ ದಾರಿ ತೋರಿಸಿದವರು ಇವರೇ ಅನ್ನೋದು ಸಾಹಿತ್ಯ ವಲಯದಲ್ಲಿ ಎಲ್ಲರಿಗೂ ಗೊತ್ತಿರೋ ಸಂಗತಿ. ಜೀವನ ಪತ್ರಿಕೆಯಲ್ಲಿ ಎಷ್ಟೋ ಹೊಸಬರಿಗೆ ಜಾಗ ಕೊಟ್ಟರು. ಮಾಸ್ತಿ ಕನ್ನಡದ ಆಸ್ತಿ ಅನ್ನೋ ಮಾತು ಹುಟ್ಟಿಕೊಂಡದ್ದು ಸುಮ್ಮನೆ ಪ್ರಾಸಕ್ಕಲ್ಲ.

1968ರಲ್ಲಿ ಸಣ್ಣಕಥೆಗಳಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. 1983ರ ಜ್ಞಾನಪೀಠ ಚಿಕವೀರ ರಾಜೇಂದ್ರಕ್ಕೆ ಬಂತು. ಕುವೆಂಪು, ಬೇಂದ್ರೆ, ಕಾರಂತರ ನಂತರ ಕನ್ನಡಕ್ಕೆ ನಾಲ್ಕನೆಯದು. ಆಗ ಅವರಿಗೆ 92 ವರ್ಷ. ತಮ್ಮ ಬದುಕಿನ ಕಥೆಯನ್ನ ಭಾವ ಅನ್ನೋ ಹೆಸರಿನಲ್ಲಿ ಮೂರು ಸಂಪುಟಗಳಲ್ಲಿ ಬರೆದಿಟ್ಟರು. ವಯಸ್ಸಾದಮೇಲೂ ಸಂಜೆ ಬಸವನಗುಡಿಯ ಕ್ಲಬ್ಬಿಗೆ ಹೋಗಿ ಇಸ್ಪೀಟು ಆಡೋದನ್ನ ಬಿಟ್ಟವರಲ್ಲ. ದೊಡ್ಡ ಲೇಖಕ ಅನ್ನೋ ಗತ್ತು ಅವರ ಹತ್ತಿರ ಸುಳಿಯಲಿಲ್ಲ.

1986ರ ಜೂನ್ 6ರಂದು ತೀರಿಕೊಂಡರು. ಹುಟ್ಟಿದ ದಿನವೇ ಹೋದರು. ಸರಿಯಾಗಿ 95 ವರ್ಷ.

ಬೆಟ್ಟ ಅಲ್ಲೇ ಇದೆ

ಮಾಸ್ತಿ ಹೋಗಿ ದಶಕಗಳಾದವು. ಕಾದಂಬರಿಯ ಮೇಲಿನ ತಕರಾರು ತಣ್ಣಗಾಗಿದೆ. ಆದರೆ ಅದು ಎತ್ತಿದ ಪ್ರಶ್ನೆ ತಣ್ಣಗಾಗಿಲ್ಲ. ಹಳೆಯ ರಾಜರಾಣಿಯರ ಬಗ್ಗೆ ಸಿನಿಮಾ ಬಂದರೂ ಪುಸ್ತಕ ಬಂದರೂ ಇವತ್ತಿಗೂ ಇದೇ ಜಗಳ. ನಮ್ಮವರನ್ನ ಹೀಗೆ ತೋರಿಸಬಹುದಾ ಅನ್ನೋದು ಒಂದು ಕಡೆ. ಬರೆಯೋನ ಕೈ ಕಟ್ಟಬಹುದಾ ಅನ್ನೋದು ಇನ್ನೊಂದು ಕಡೆ. ಆಗಿನ ಜಗಳದಲ್ಲಿ ಎರಡೂ ಕಡೆಯವರಿಗೆ ಒಂದೊಂದು ಪಾಲು ನ್ಯಾಯ ಇತ್ತು. ಪುಸ್ತಕ ಉಳಿಯಿತು, ಅದರ ಜೊತೆಗೆ ಆಕ್ಷೇಪವೂ ಉಳಿಯಿತು. ಈಗ ಓದೋರು ಎರಡನ್ನೂ ಇಟ್ಟುಕೊಂಡು ಓದಬಹುದು.

ನಮ್ಮ ನಾಲ್ಕು ತಾಲೂಕುಗಳಿಗೆ ಇದರಲ್ಲಿ ಬೇರೆಯೇ ಒಂದು ಪಾಲಿದೆ. ಶಿರಾ ಕೋಟೆ, ಕೊರಟಗೆರೆ ಕಡೆಯ ಚನ್ನರಾಯನದುರ್ಗ, ಪಾವಗಡದ ಬೆಟ್ಟ, ನಿಡಗಲ್ಲು, ಇವೆಲ್ಲ ಮೈಸೂರು, ಮರಾಠ, ಪಾಳೆಯಗಾರರ ನಡುವೆ ಸಿಕ್ಕಿ ನಲುಗಿದ ಜಾಗಗಳು. ಪುಸ್ತಕದಲ್ಲಿ ದೂರದ ಬಿದನೂರಿನ ಕಥೆ ಅಂತ ಓದೋದರ ಒಂದು ಕೊಂಡಿ ಇಲ್ಲೇ ನಮ್ಮ ಬಸ್‌ಸ್ಟ್ಯಾಂಡಿನಿಂದ ಕಾಣೋ ಬಂಡೆಯ ಮೇಲಿದೆ.

ಮಲೆನಾಡಿನ ಮಳೆ, ಅಡಿಕೆ ತೋಟ, ಹಸಿರು ನೋಡಿ ಬೆಳೆದ ಹೆಂಗಸು. ನಾಲ್ಕು ವರ್ಷ ಈ ಬಿಸಿಲು ಬಂಡೆಯ ಕೋಟೆಯಲ್ಲಿ ಸೆರೆ. ಕೆಳಗೆ ಮಲ್ಲೇಶ್ವರ, ವೆಂಕಟರಮಣ ಗುಡಿಗಳ ಊರು, ಸುತ್ತ ರಾಗಿ ಹೊಲದ ಬಯಲು. ಆಕೆ ತಪ್ಪು ಮಾಡಿದಳೋ, ತಪ್ಪು ಹೊರಿಸಿದರೋ, ಆಕೆಯ ಬಾಯಿಂದಲೇ ಬಂದ ಒಂದು ಮಾತೂ ಕಥೆ ಬರೆದವರ ಕೈಗೆ ಸಿಗಲಿಲ್ಲ. ಹೈದರನ ಕಡೆಯವರು ಹೇಳಿದರು, ವಿಲ್ಕ್ಸ್ ಬರೆದ, ಮಾಸ್ತಿ ಕಥೆ ಮಾಡಿದರು, ಅಭಿಮಾನಿಗಳು ಎದುರು ನಿಂತರು. ಎಲ್ಲರೂ ಆಕೆಯ ಬಗ್ಗೆ ಮಾತಾಡಿದರು.

ಮುಂದಿನ ಭಾನುವಾರ ಬೆಟ್ಟ ಹತ್ತೋಕೆ ಬಂದು ಕೋಟೆ ಯಾರದು ಅಂತ ಕೇಳಿದವರಿಗೆ ಹಿರೇಗೌಡನ ಹೆಸರು, ಹೈದರನ ಹೆಸರು ಹೇಳೋ ಜೊತೆಗೆ ವೀರಮ್ಮಾಜಿಯ ಹೆಸರನ್ನೂ ಹೇಳಬಹುದು. ಕಥೆ ಪೂರ್ತಿ ಬೇಕು ಅಂದವರಿಗೆ ಮಾಸ್ತಿಯವರ ಕಾದಂಬರಿ ಇದೆ. ಅದನ್ನ ಓದೋವಾಗ ರಾಣಿಯ ಪರವಾಗಿ ಎದ್ದ ಆಕ್ಷೇಪವನ್ನೂ ನೆನಪಿಟ್ಟುಕೊಂಡರೆ ಇಬ್ಬರಿಗೂ ನ್ಯಾಯ ಮಾಡಿದ ಹಾಗಾಗುತ್ತೆ.